ಎರಡನೇ ಸೌಟು

ಈ ಆಸ್ಪತ್ರೆಯಲ್ಲಿ ನನ್ನನ್ನು ಎಲ್ಲರೂ ಸಪ್ಪೆಯಕ್ಕ ಎಂದೇ ಕರೆಯುವುದು. ಆ ಹೆಸರಿಟ್ಟವರಿಗೆ ನನ್ನ ನಾಲಿಗೆಯ ಖಾರ ಗೊತ್ತಿರಲಿಲ್ಲ. ಅಡುಗೆಮನೆಯ ಹಿಂಭಾಗದಲ್ಲಿ, ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕದ ಮೂರು ಒಲೆಗಳು ಹತ್ತೊಂಬತ್ತು ವರ್ಷದಿಂದ ನನ್ನವು. ಮುಂದಿನ ದೊಡ್ಡ ಒಲೆಗಳಲ್ಲಿ ಕೈಕಾಲು ಮುರಿದುಕೊಂಡವರಿಗೆ, ಹೆರಿಗೆಯವರಿಗೆ, ಡಾಕ್ಟರುಗಳಿಗೆ ಊಟ ಬೇಯುತ್ತದೆ. ನನ್ನ ಒಲೆಗಳಲ್ಲಿ ಬೇಯುವುದು ವರ್ಷಗಟ್ಟಲೆ ಬಿಡದ ಕಾಯಿಲೆಯವರ ಊಟ. ಅವರಿಗೆ ಮಾತ್ರೆ ಎಷ್ಟು ಮುಖ್ಯವೋ ತಟ್ಟೆಯೂ ಅಷ್ಟೇ ಮುಖ್ಯ. ಇದನ್ನು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಆಮೇಲೆ ಮರೆಯುತ್ತಾರೆ.

ನಮ್ಮಲ್ಲಿ ತಟ್ಟೆಗೆ ಮುಚ್ಚಳದ ಬಣ್ಣವೇ ಗುರುತು. ಸಕ್ಕರೆ ಕಾಯಿಲೆಯವರಿಗೆ ನೀಲಿ, ಬೀಪಿಯವರಿಗೂ ಹೃದಯದವರಿಗೂ ಹಳದಿ, ಕಿಡ್ನಿಯವರಿಗೆ ಕೆಂಪು. ಹಳದಿಗೂ ಕೆಂಪಿಗೂ ಉಪ್ಪಿಲ್ಲ. ಆದರೆ ಕೆಂಪಿನವರ ತರಕಾರಿಗೆ ಇನ್ನೊಂದು ಕೆಲಸವಿದೆ. ಸಣ್ಣಗೆ ಹೆಚ್ಚಿ ನೆನೆಸಿ ಆ ನೀರು ಚೆಲ್ಲಬೇಕು, ಬೇರೆ ನೀರಿನಲ್ಲಿ ಕುದಿಸಿ ಅದನ್ನೂ ಚೆಲ್ಲಬೇಕು. ತರಕಾರಿಯಲ್ಲಿ ಪೊಟ್ಯಾಸಿಯಂ ಎಂಬುದು ಇರುತ್ತದೆ. ಕಿಡ್ನಿ ಕೆಟ್ಟವರ ಮೈಯಿಂದ ಅದು ಸರಿಯಾಗಿ ಹೊರಗೆ ಹೋಗುವುದಿಲ್ಲ, ರಕ್ತದಲ್ಲೇ ಸೇರುತ್ತ ಹೋಗಿ ಹೃದಯವನ್ನೇ ನಿಲ್ಲಿಸಬಹುದು. ಇದನ್ನೆಲ್ಲ ನನಗೆ ಕಲಿಸಿದ್ದು ಡಯಟ್ ಮೇಡಂ.

"ಸಪ್ಪೆಯಕ್ಕ, ಉಪ್ಪು ನಿಧಾನಕ್ಕೆ ಕೊಲ್ಲುತ್ತೆ. ಇದು ಹೇಳದೆ ಕೇಳದೆ ಕೊಲ್ಲುತ್ತೆ" ಅಂದಿದ್ದರು.

ಆಕೆ ಬೆಳಿಗ್ಗೆ ಬಂದವರೇ ಕರಿಹಲಗೆಯ ಮೇಲೆ ಬರೆಯುತ್ತಿದ್ದರು: ಹಳದಿ ಇಪ್ಪತ್ತೆರಡು, ಕೆಂಪು ಒಂಬತ್ತು. ಐದು ತಿಂಗಳ ಹಿಂದೆ ಹೆರಿಗೆ ರಜೆಗೆ ಹೋದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಕುರ್ಚಿಯ ಮೇಲೆ ಈರುಳ್ಳಿ ಚೀಲ ಬಂದು ಕೂತಿತು. ಹಲಗೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಬರೆದದ್ದು ಒಂದೇ ಸಾಲು: ಸಪ್ಪೆ ಮೂವತ್ತೊಂದು. ತರಕಾರಿ ಬೇರೆಯಾದರೂ ಅನ್ನದ ಮೇಲೆ ಹಾಕುವ ಈರುಳ್ಳಿ-ಎಲೆಕೋಸಿನ ಗ್ರೇವಿ ಇಬ್ಬರಿಗೂ ಒಂದೇ ಪಾತ್ರೆ. ಯಾವುದು ಹಳದಿ, ಯಾವುದು ಕೆಂಪು ಎಂದು ನಮಗೆ ಗೊತ್ತಿದೆಯಲ್ಲ, ಮತ್ತೇಕೆ ಸೀಮೆಸುಣ್ಣ ಸವೆಸುವುದು ಅಂದುಕೊಂಡೆ. ಆ ಒಂದು ಸಾಲಿಗೆ ನನ್ನ ಕೈಯನ್ನು ನಾನೇ ಕಚ್ಚಿಕೊಳ್ಳಬೇಕು.

ಕಿಡ್ನಿ ವಾರ್ಡಿನ ಹದಿನಾಲ್ಕನೇ ಮಂಚದಲ್ಲಿ ಒಬ್ಬ ಬಸ್ ಕಂಡಕ್ಟರ್ ಇದ್ದ. ನಲವತ್ತೆರಡು ವಯಸ್ಸು, ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಯಂತ್ರಕ್ಕೆ ಹಾಕಿ ರಕ್ತ ತೊಳೆಯುತ್ತಿದ್ದರು. ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದ ಅವನ ಅಕ್ಕ ತನ್ನ ಒಂದು ಕಿಡ್ನಿ ಕೊಡಲು ಒಪ್ಪಿದ್ದಳು. ಪರೀಕ್ಷೆಗಳೆಲ್ಲ ಮುಗಿದು ಆಪರೇಷನ್ನಿಗೆ ಹನ್ನೆರಡು ದಿನ ಉಳಿದಿತ್ತು. ಅಲ್ಲಿಯವರೆಗೆ ಆತ ಪಥ್ಯ ತಪ್ಪದೆ ನೆಟ್ಟಗಿರಬೇಕು, ಅಷ್ಟೇ.

ಕೆಂಪು ಮುಚ್ಚಳದ ಗಾಡಿಯನ್ನು ನಾನೇ ತಳ್ಳಿಕೊಂಡು ಹೋಗುತ್ತಿದ್ದೆ. ಬೇರೆಯವರ ಮೇಲೆ ನನಗೆ ನಂಬಿಕೆ ಇರಲಿಲ್ಲ. ನನ್ನನ್ನು ಕಂಡ ಕೂಡಲೇ ಕಂಡಕ್ಟರ್ ಶುರು ಮಾಡುತ್ತಿದ್ದ.

"ಬನ್ನಿ ಸಪ್ಪೆಯಕ್ಕ. ಊಟ ಬಂತು, ರುಚಿ ಮಾತ್ರ ಹಿಂದಿನ ಸ್ಟಾಪಲ್ಲೇ ಇಳ್ಕೊಂಡ್ಬಿಟ್ಟಿದೆ."

"ಸುಮ್ನೆ ತಿನ್ನಪ್ಪ. ಬದುಕೋಕೆ ಟಿಕೆಟ್ ಬೇಕಾ, ರುಚಿ ಬೇಕಾ?"

"ಚಿಲ್ಲರೆ ಇದ್ರೆ ಎರಡೂ ಕೊಡಿ."

ಅರ್ಧ ತಿಂದು ತಟ್ಟೆ ದೂರ ತಳ್ಳುತ್ತಿದ್ದ. ನಾನು ಬೈಯುತ್ತಿದ್ದೆ. ಒಳಗೊಳಗೆ ನೋವೂ ಆಗುತ್ತಿತ್ತು. ಹತ್ತೊಂಬತ್ತು ವರ್ಷ ಬೇಯಿಸಿ, ಒಬ್ಬರ ಬಾಯಲ್ಲೂ ಚೆನ್ನಾಗಿದೆ ಅನ್ನಿಸಿಕೊಳ್ಳದ ಅಡುಗೆಯವಳು ನಾನೊಬ್ಬಳೇ ಇರಬೇಕು.

ಅಷ್ಟರಲ್ಲಿ ಅಡುಗೆಮನೆಗೆ ಹೊಸ ಮ್ಯಾನೇಜರ್ ಬಂದ. ಮೊದಲು ಯಾವುದೋ ಹೋಟೆಲಿನಲ್ಲಿ ಇದ್ದವನಂತೆ. ಬೂಟಿನಲ್ಲಿ ಮುಖ ಕಾಣುವಷ್ಟು ಹೊಳಪು. ಬಂದ ವಾರದಲ್ಲೇ ವಾರ್ಡಿಗೊಂದು ಅಭಿಪ್ರಾಯದ ಪೆಟ್ಟಿಗೆ ಇಡಿಸಿದ, ವಾಪಸ್ಸು ಬಂದ ತಟ್ಟೆಗಳ ಎಂಜಲನ್ನು ತೂಗಿಸಿದ. ಕಾಯಿಲೆಯವರು ಗಿರಾಕಿಗಳಂತೆ, ನಾವು ಅವರನ್ನು ನಗಿಸಬೇಕಂತೆ. ಪೆಟ್ಟಿಗೆಯಲ್ಲಿ ಬಿದ್ದ ಚೀಟಿಗಳಲ್ಲಿ ಒಂದನ್ನು ತಂದು ನನ್ನ ಮುಖದ ಮುಂದೆ ಹಿಡಿದ. 'ಈ ಊಟ ಎಷ್ಟು ಸಪ್ಪೆ ಅಂದರೆ, ನೊಣ ಕೂಡ ಬಂದು ನೋಡಿ ವಾಪಸ್ಸು ಹೋಗುತ್ತದೆ.' ಅಕ್ಷರ ನೋಡಿದರೆ ಗೊತ್ತಾಗುತ್ತಿತ್ತು, ಓಡುವ ಬಸ್ಸಿನಲ್ಲಿ ಬರೆದು ರೂಢಿಯಾದ ಕೈ.

"ಇಂಥ ಚೀಟಿ ಇನ್ನೊಂದು ಬರಬಾರದು" ಅಂದ ಮ್ಯಾನೇಜರ್, ಹಲಗೆಯ ಕಡೆ ತಿರುಗಿ. "ಸಪ್ಪೆ ಎಷ್ಟು ಜನ? ಮೂವತ್ತೊಂದಾ? ಸರಿ."

ಎರಡು ದಿನ ಬಿಟ್ಟು ಬಿಳಿ ಪೊಟ್ಟಣಗಳು ಬಂದವು. ಮೇಲೆ ನಗುತ್ತಿರುವ ಹೃದಯದ ಚಿತ್ರ. ಕೆಳಗೆ 'ಸೋಡಿಯಂ ಕಡಿಮೆ, ರುಚಿ ಪೂರ್ತಿ' ಎಂಬ ಮಾತು.

"ಇದು ಎಲ್ಲರಿಗೂ ಆಗುತ್ತಾ ಸಾರ್?" ಎಂದು ಕೇಳಿದೆ.

"ಇದು ಮಾಮೂಲಿ ಉಪ್ಪಲ್ಲಮ್ಮ. ಸಪ್ಪೆ ತಿನ್ನೋರಿಗೆ ಅಂತಾನೇ ಮಾಡಿರೋದು. ತಟ್ಟೆಗೊಂದು ಚಮಚದ ಲೆಕ್ಕದಲ್ಲಿ ಹಾಕಿ."

ಪೊಟ್ಟಣದ ಹಿಂದೆ ಇರುವೆ ಸಾಲಿನಂಥ ಅಕ್ಷರಗಳಿದ್ದವು. ನನ್ನ ಕನ್ನಡಕ ಮನೆಯಲ್ಲಿತ್ತು. ಇದ್ದಿದ್ದರೂ ಓದುತ್ತಿದ್ದೆನೋ ಇಲ್ಲವೋ, ಸುಳ್ಳು ಹೇಳುವುದಿಲ್ಲ. ಪೊಟ್ಯಾಸಿಯಂ ತರಕಾರಿಯಲ್ಲಿರುತ್ತದೆ, ಹಣ್ಣಿನಲ್ಲಿರುತ್ತದೆ ಎಂದು ಕಲಿತವಳು ನಾನು. ಉಪ್ಪಿನಲ್ಲೂ ಇರುತ್ತದೆ ಎಂದು ಯಾರು ಹೇಳಿದ್ದರು? ಮೂವತ್ತೊಂದು ಚಮಚ ಅಳೆದು ಗ್ರೇವಿಯ ಪಾತ್ರೆಗೆ ಸುರಿದೆ. ಬೆರಳಿಗೆ ಹಚ್ಚಿಕೊಂಡು ನೆಕ್ಕಿ ನೋಡಿದೆ. ಚೂರು ಒಗರು, ಆದರೂ ರುಚಿ ಎಂಬುದು ಇತ್ತು.

ಅಂದು ಮಧ್ಯಾಹ್ನ ಕಂಡಕ್ಟರ್ ಮೊದಲ ತುತ್ತು ಬಾಯಿಗಿಟ್ಟ. ಇನ್ನೊಂದು ತುತ್ತು ತಿಂದ. ಆಮೇಲೆ ನನ್ನ ಮುಖ ನೋಡಿದ.

"ಸಪ್ಪೆಯಕ್ಕ, ಏನ್ ಮಾಡಿದ್ರಿ? ಇವತ್ತು ಊಟ ಅಂದ್ರೆ ಊಟ!"

ನನಗೆ ಕಣ್ಣು ತುಂಬಿತು. ನಾಚಿಕೆಗೇಡು, ಆದರೆ ತುಂಬಿತು. ಅವನ ಅಕ್ಕ ಪಕ್ಕದಲ್ಲಿ ನಿಂತು, "ಎಷ್ಟು ತಿಂಗಳಾಯ್ತು ಇವನು ತಟ್ಟೆ ಖಾಲಿ ಮಾಡಿ" ಅಂದಳು. ನಾನು ಗಾಡಿಗೆ ಕೈ ಹಾಕಿ ಇನ್ನೊಂದು ಸೌಟು ಗ್ರೇವಿ ಅವನ ಅನ್ನದ ಮೇಲೆ ಹಾಕಿದೆ. ಕೆಂಪು ಮುಚ್ಚಳದವರಿಗೆ ಒಂದೇ ಸೌಟು, ಅದು ನಿಯಮ. ಮಾಮೂಲಿ ಉಪ್ಪಿಲ್ಲದ ಗ್ರೇವಿ, ಒಂದು ಸೌಟು ಹೆಚ್ಚಾದರೆ ಏನಾದೀತು ಎಂದುಕೊಂಡೆ. ಮೂರು ದಿನ, ಎರಡು ಹೊತ್ತೂ ಹೀಗೇ ನಡೆಯಿತು. ಎರಡನೇ ಸೌಟು ಹಾಕಿದಾಗಲೆಲ್ಲ ನನ್ನ ಮೈ ಹಗುರಾಗುತ್ತಿತ್ತು.

ನಾಲ್ಕನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಬಚ್ಚಲಿಗೆ ಹೋಗಲು ಎದ್ದ ಕಂಡಕ್ಟರ್ ಕಾಲಲ್ಲಿ ಶಕ್ತಿಯಿಲ್ಲದೆ ಕುಸಿದ. ನಾಡಿ ನಿಂತು ನಿಂತು ಹೊಡೆಯುತ್ತಿತ್ತಂತೆ. ಓಡಿ ಬಂದು ಇಂಜೆಕ್ಷನ್ ಚುಚ್ಚಿ, ಯಂತ್ರಕ್ಕೆ ಹಾಕಿ, ಎರಡು ಗಂಟೆ ಹೋರಾಡಿ ಉಳಿಸಿಕೊಂಡರು. ಊಟದ ಗಾಡಿ ತುಂಬುವ ಮೊದಲೇ ಸುದ್ದಿ ಕೇಳಿ ನಾನು ಓಡಿ ಹೋದಾಗ ಹದಿನಾಲ್ಕನೇ ಮಂಚ ಖಾಲಿ ಇತ್ತು. ವಾರ್ಡ್ ಸಿಸ್ಟರ್ ಪಿಸುಗುಟ್ಟಿದರು.

"ರಕ್ತದಲ್ಲಿ ಪೊಟ್ಯಾಸಿಯಂ ಸಿಕ್ಕಾಪಟ್ಟೆ ಏರಿತ್ತಂತೆ. ಅವರಕ್ಕ ಕದ್ದು ಬಾಳೆಹಣ್ಣು ತಿನ್ನಿಸಿದಾಳೆ. ಮಂಚದ ಪಕ್ಕದ ಕಸದ ಡಬ್ಬಿಯಲ್ಲಿ ಸಿಪ್ಪೆ ಸಿಕ್ತು."

ಆ ಅಕ್ಕ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಇಸ್ತ್ರಿಪೆಟ್ಟಿಗೆ ಸುಟ್ಟ ಹಳೆಯ ಗುರುತುಗಳಿದ್ದ ಕೈಗಳನ್ನು ಮಡಿಲಲ್ಲಿ ಹಾಕಿಕೊಂಡಿದ್ದಳು. ಒಳಗೆ ಬಿಡಬಾರದೆಂದು ಕಾವಲುಗಾರನಿಗೆ ಹೇಳಿದ್ದರು.

"ನಾನ್ ತಿಂದಿದ್ದು ಅಕ್ಕ ಅದು" ಅಂದಳು ನನಗೆ. "ಬೆಳಿಗ್ಗೆ ಅಂಗಡಿ ತೆಗೆದು ಹಾಗೇ ಓಡಿ ಬಂದಿದ್ದೆ. ಹಸಿವಾಗಿತ್ತು. ಅವನಿಗೆ ಬೆನ್ನು ಮಾಡ್ಕೊಂಡು ತಿಂದೆ, ಅವನಿಗೆ ಆಸೆ ಆಗಬಾರದು ಅಂತ. ಯಾರೂ ನಂಬ್ತಿಲ್ಲ. ಫೈಲಲ್ಲಿ ಬರೆದ್ಬಿಟ್ರಂತೆ, ಪಥ್ಯ ಪಾಲಿಸದ ರೋಗಿ ಅಂತ. ಇಂಥವರಿಗೆ ಹೊಸ ಕಿಡ್ನಿ ಹಾಕಿದ್ರೂ ಕೆಡಿಸ್ಕೊತಾರೆ, ಅದಕ್ಕೆ ಆಪರೇಷನ್ ಬೇಡ ಅಂತ ನಾಳೆ ಕಮಿಟಿಯಲ್ಲಿ ತೀರ್ಮಾನ ಮಾಡ್ತಾರಂತೆ."

ಸಪ್ಪೆ ತಿಂದವನಿಗೆ ಸಿಪ್ಪೆಯ ಅಪವಾದ. ನನಗೆ ಮೈಯೆಲ್ಲ ಉರಿದು ಹೋಯಿತು. ಆದರೆ ಯಾರ ಮೇಲೆ ಉರಿಯಬೇಕೆಂದು ಇನ್ನೂ ಗೊತ್ತಿರಲಿಲ್ಲ. ಅಡುಗೆಮನೆಗೆ ವಾಪಸ್ಸು ಬಂದು ಒಂದೊಂದೇ ಯೋಚಿಸಿದೆ. ತರಕಾರಿಗೆ ಎರಡು ನೀರು ಚೆಲ್ಲಿದ್ದೆ. ಅಕ್ಕಿ ಅದೇ, ಎಲೆಕೋಸು ಅದೇ. ಹೊಸದಾಗಿ ಬಂದದ್ದು ಒಂದೇ. ಉಗ್ರಾಣದವನ ಮೂಗಿನ ಮೇಲಿದ್ದ ಕನ್ನಡಕ ಕಿತ್ತುಕೊಂಡು ಪೊಟ್ಟಣ ತಿರುಗಿಸಿ ಓದಿದೆ. ಅರ್ಧಕ್ಕಿಂತ ಹೆಚ್ಚು ಪಾಲು ಪೊಟ್ಯಾಸಿಯಂ ಕ್ಲೋರೈಡ್. ಅದರ ಕೆಳಗೆ: ಕಿಡ್ನಿ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು.

ಎರಡು ನೀರು ಚೆಲ್ಲಿ ತೆಗೆದದ್ದನ್ನು ಚಮಚದಲ್ಲಿ ಅಳೆದು ಮತ್ತೆ ಹಾಕಿದ್ದೆ. ಒಲೆಯ ಮೇಲಿದ್ದ ಮಧ್ಯಾಹ್ನದ ಗ್ರೇವಿಯನ್ನು ಪಾತ್ರೆ ಸಮೇತ ತೊಟ್ಟಿಗೆ ಬೋರಲು ಹಾಕಿದೆ.

ಪೊಟ್ಟಣ ಹಿಡಿದು ಮ್ಯಾನೇಜರನ ಕೋಣೆಗೆ ಹೋದೆ. ಓದಿದ. ಮುಖದ ಬಣ್ಣ ಇಳಿಯಿತು, ಎದ್ದು ಬಾಗಿಲು ಹಾಕಿದ, ಕೂತ, ನಿಧಾನಕ್ಕೆ ಮೊದಲಿನ ಬಣ್ಣವೇ ಬಂತು.

"ನೋಡಿಮ್ಮ, ಪೇಷಂಟ್ ಬದುಕಿದ್ದಾನೆ. ಇವತ್ತಿಂದ ಪೊಟ್ಟಣ ನಿಲ್ಸೋಣ. ಅಲ್ಲಿಗೆ ಮುಗೀತು."

"ಅವನ ಆಪರೇಷನ್ ಕಥೆನೂ ಮುಗೀತಲ್ಲ ಸಾರ್, ಅದು?"

"ಹಲಗೆ ಮೇಲೆ ಸಪ್ಪೆ ಮೂವತ್ತೊಂದು ಅಂತ ಬರೆದವರು ಯಾರು? ಚಮಚ ಹಾಕಿದವರು ಯಾರು? ಬಾಯಿ ಬಿಟ್ರೆ ಮೊದಲು ಹೋಗೋದು ನಿಮ್ಮ ಕೆಲಸ. ಇಷ್ಟು ವರ್ಷ ಈ ಆಸ್ಪತ್ರೆ ಉಪ್ಪು ತಿಂದಿದ್ದೀರಿ, ನೆನಪಿರಲಿ."

"ಯಾವ ಉಪ್ಪು ಸಾರ್? ಮಾಮೂಲಿದಾ, ನೀವು ತರಿಸಿದ್ದಾ?"

ಅಲ್ಲಿಂದ ನೇರ ಕಿಡ್ನಿ ಡಾಕ್ಟರಮ್ಮನ ಕೋಣೆಗೆ ನಡೆದೆ. ಮ್ಯಾನೇಜರ್ ಬೂಟು ಟಕಟಕ ಅನ್ನಿಸುತ್ತ ಹಿಂದೆಯೇ ಬಂದ. ಡಾಕ್ಟರಮ್ಮ ತಣ್ಣಗಾಗಿ ಕೆನೆ ಕಟ್ಟಿದ್ದ ಚಹಾದ ಮುಂದೆ ಕಂಡಕ್ಟರನ ಫೈಲು ತೆರೆದುಕೊಂಡು ಕೂತಿದ್ದರು. ನಾನು ಪೊಟ್ಟಣವನ್ನು ಫೈಲಿನ ಮೇಲೆಯೇ ಇಟ್ಟೆ. ಅವರು ಹಿಂದಿನ ಅಕ್ಷರ ಓದಿ, ಮತ್ತೊಂದು ಸಲ ಓದಿದರು.

"ಇದನ್ನ ಕೆಂಪು ಮುಚ್ಚಳಕ್ಕೆ ಹಾಕಿದ್ರಾ? ತಲೆ ನೆಟ್ಟಗಿದೆಯಾ ನಿಮಗೆ?"

"ಮೂರು ದಿನ ಹಾಕಿದೀನಿ ಮೇಡಂ. ನಾನೇ ಹಾಕಿದ್ದು."

ಮ್ಯಾನೇಜರ್ ಬೆಣ್ಣೆಯಲ್ಲಿ ಕೂದಲು ತೆಗೆಯುವಷ್ಟು ನಾಜೂಕಾಗಿ ಮಾತು ತೆಗೆದ. "ಅಡುಗೆಯವರ ಕಡೆಯಿಂದ ಸಣ್ಣ ತಪ್ಪಾಗಿದೆ ಮೇಡಂ, ಒಪ್ಕೋತೀವಿ. ಆದ್ರೆ ಇದೇ ಕಾರಣ ಅಂತ ಹೇಗೆ ಹೇಳೋದು? ಒಂದೇ ಪಾತ್ರೆ, ಒಂಬತ್ತು ಜನ ತಿಂದಿದಾರೆ. ಬಿದ್ದಿದ್ದು ಒಬ್ಬನೇ. ಅವನ ಮಂಚದ ಹತ್ರನೇ ಸಿಪ್ಪೆ ಸಿಕ್ಕಿದೆ."

ಡಾಕ್ಟರಮ್ಮ ಫೋನು ಎತ್ತಿ ಉಳಿದ ಎಂಟು ಜನರ ರಕ್ತ ಈಗಲೇ ನೋಡಿ ಎಂದರು. ನಾವು ಮೂವರೂ ಅಲ್ಲೇ ಕಾದೆವು. ಮುಕ್ಕಾಲು ಗಂಟೆಯ ಮೇಲೆ ಕಾಗದ ಬಂತು. ಅವರು ಬೆರಳಿಟ್ಟು ಓದಿದರು.

"ಎಲ್ಲರದ್ದೂ ಏರಿದೆ, ಎಂಟು ಜನಕ್ಕೂ ಈಗಲೇ ಔಷಧಿ ಶುರು ಮಾಡ್ಬೇಕು. ಆದ್ರೆ ಕಂಡಕ್ಟರದ್ದು ಇದಕ್ಕಿಂತ ತುಂಬಾ ಮೇಲಿತ್ತು. ಇವರು ತಿಂದಿದ್ದನ್ನೇ ತಿಂದು ಅವನೊಬ್ಬನಿಗೆ ಅಷ್ಟು ಏರಬೇಕಾದ್ರೆ ಇನ್ನೇನೋ ಹೊಟ್ಟೆಗೆ ಹೋಗಿರಬೇಕು."

"ಬಾಳೆಹಣ್ಣು" ಅಂದ ಮ್ಯಾನೇಜರ್.

ಅದು ಬಾಳೆಹಣ್ಣಲ್ಲದಿದ್ದರೆ ಇನ್ನೇನು ಎಂದು ಈ ಭೂಮಿಯ ಮೇಲೆ ಗೊತ್ತಿದ್ದದ್ದು ನನಗೊಬ್ಬಳಿಗೆ. ಪೊಟ್ಟಣ ಅವನು ತಂದದ್ದು, ಹಾಕು ಅಂದವನು ಅವನು. ಅಲ್ಲಿಯವರೆಗೆ ಹೇಳಿದ್ದರಲ್ಲಿ ನನ್ನ ತಪ್ಪಿಗೆ ಒಬ್ಬ ಪಾಲುದಾರನಿದ್ದ. ಎರಡನೇ ಸೌಟಿಗೆ ಯಾರೂ ಪಾಲುದಾರರಿಲ್ಲ. ಅದನ್ನು ಯಾರೂ ಹಾಕು ಅಂದಿರಲಿಲ್ಲ. ಹೊಗಳಿಕೆಗೆ ಬಾಯಿಬಿಟ್ಟು ನಾನೇ ಹಾಕಿದ್ದು.

"ಅವನಿಗೆ ಎರಡು ಸೌಟು ಹಾಕಿದೀನಿ" ಅಂದೆ. "ಮೂರು ದಿನ. ಎರಡು ಹೊತ್ತೂ."

"ಯಾಕೆ?" ಡಾಕ್ಟರಮ್ಮನ ದನಿ ಚಿಕ್ಕದಾಗಿತ್ತು.

"ಚೆನ್ನಾಗಿದೆ ಅಂದ. ಅದಕ್ಕೆ."

ನನಗೆ ಸಿಟ್ಟು ತಡೆಯಲಿಲ್ಲ. "ನನ್ನ ಹೆಸರು ಬರೀರಿ ಮೇಡಂ ಅಲ್ಲಿ, ದಪ್ಪ ಅಕ್ಷರದಲ್ಲಿ ಬರೀರಿ. ಆದ್ರೆ ಅವನ ಮೇಲೆ ಬರೆದಿರೋ ಸಾಲು ಹೊಡೆದು ಹಾಕಿ. ನೀವು ಸಿಪ್ಪೆ ನೋಡಿದ್ರಿ, ತಟ್ಟೆ ನೋಡಲಿಲ್ಲ. ಅವನು ತಿಂದಿದ್ದು ಈ ಆಸ್ಪತ್ರೆ ಕೊಟ್ಟಿದ್ದನ್ನೇ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಾ? ಐದು ತಿಂಗಳಿಂದ ಡಯಟ್ ಮೇಡಂ ಕುರ್ಚಿ ಮೇಲೆ ಈರುಳ್ಳಿ ಕೂತಿದೆ. ನಿಮ್ಮಲ್ಲಿ ಒಬ್ಬರಾದ್ರೂ ಬಂದು, ಊಟದಲ್ಲಿ ಏನು ಹಾಕ್ತಿದೀರಿ ಅಂತ ಕೇಳಿದ್ರಾ?"

ಮ್ಯಾನೇಜರ್ ಏನೋ ಹೇಳಲು ಹೋದ. ಡಾಕ್ಟರಮ್ಮ ಕೈ ಎತ್ತಿ ತಡೆದರು. ಪೆನ್ನು ತೆಗೆದು ಆ ಸಾಲಿನ ಮೇಲೆ ಒಂದು ಗೆರೆ ಎಳೆದರು. ಇನ್ನೊಂದು ಎಳೆದರು. ಕೆಳಗೆ ತುಂಬ ಹೊತ್ತು ಬರೆದರು.

"ನಾಳೆ ಕಮಿಟಿಗೆ ಈ ಪುಟ ಹೋಗುತ್ತೆ" ಅಂದರು. "ಅವರಕ್ಕನ್ನ ಒಳಗೆ ಬಿಡೋಕೆ ಹೇಳಿ." ನನ್ನ ಮುಖ ನೋಡಲಿಲ್ಲ. ನೋಡಲಿ ಎಂದು ನನಗೂ ಅನ್ನಿಸಲಿಲ್ಲ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಎರಡು ಸುದ್ದಿ ಬಂದವು. ಕಂಡಕ್ಟರನ ಆಪರೇಷನ್ನು ಒಂದು ವಾರ ಮುಂದಕ್ಕೆ ಹೋಯಿತು, ಆದರೆ ನಡೆಯುತ್ತದೆ. ನಾನು ನಾಳೆಯಿಂದ ಬರಬೇಕಾಗಿಲ್ಲ, ವಿಚಾರಣೆ ಮುಗಿದ ಮೇಲೆ ಹೇಳಿ ಕಳಿಸುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಮಾಡಿದ್ದುಣ್ಣೋ ಮಹರಾಯ. ಆದರೆ ಅದರ ಜೊತೆಗೊಂದು ಸುತ್ತೋಲೆಯೂ ಬಂತು, ಗೋಡೆಗೆ ನಾನೇ ಅಂಟಿಸಬೇಕೆಂಬ ಅಪ್ಪಣೆಯ ಸಮೇತ. 'ಇನ್ನು ಮುಂದೆ ಯಾವುದೇ ರೋಗಿಗೆ ಎರಡನೇ ಸಲ ಬಡಿಸತಕ್ಕದ್ದಲ್ಲ.' ಕೆಳಗೆ ಮ್ಯಾನೇಜರನ ರುಜು. ಪೊಟ್ಟಣದ ಮಾತಿಲ್ಲ. ಡಯಟ್ ಮೇಡಂ ಕುರ್ಚಿಯ ಮಾತಿಲ್ಲ. ಮೂವತ್ತೊಂದು ಚಮಚ ಹಾಕಿಸಿದವನ ತಪ್ಪೆಲ್ಲ ನನ್ನ ಒಂದು ಸೌಟಿನೊಳಗೆ ಮುಳುಗಿ ಹೋಗಿತ್ತು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎನ್ನುತ್ತಾರೆ. ಸುಳ್ಳು. ಕೆಲವರು ತರಿಸಿ, ತಿನ್ನಿಸಿ, ಕೈ ಒರೆಸಿಕೊಂಡು ಎದ್ದು ಹೋಗುತ್ತಾರೆ.

ಸುತ್ತೋಲೆ ಅಂಟಿಸಿದೆ. ಈರುಳ್ಳಿ ಚೀಲವನ್ನು ಆ ಕುರ್ಚಿಯಿಂದ ಎತ್ತಿ ತಂದು, ಮ್ಯಾನೇಜರನ ಮೇಜಿನ ಮೇಲೆ ಇಟ್ಟು ಬಂದೆ. ಅವನು ನೋಡುತ್ತಲೇ ಇದ್ದ. ಆಮೇಲೆ ಒದ್ದೆ ಬಟ್ಟೆಯಿಂದ ಕರಿಹಲಗೆ ಒರೆಸಿದೆ. ಹಳದಿ ಇಪ್ಪತ್ತೆರಡು ಎಂದು ಬರೆದು, ಕೆಂಪು ಒಂಬತ್ತು ಎಂದು ಬೇರೆ ಸಾಲಿನಲ್ಲಿ ಬರೆದು, ಅದರ ಕೆಳಗೆ ಒಂಬತ್ತೂ ಮಂಚದ ನಂಬರು ಬರೆದೆ. ಗ್ರೇವಿಗೆ ಎರಡು ಪಾತ್ರೆ ಇಟ್ಟೆ. ಕೊನೆಯ ಸಲ ಗಾಡಿ ತಳ್ಳಿಕೊಂಡು ವಾರ್ಡಿಗೆ ಹೋದೆ.

ಕಂಡಕ್ಟರ್ ತನ್ನ ಮಂಚಕ್ಕೆ ವಾಪಸ್ಸು ಬಂದು ದಿಂಬಿಗೆ ಒರಗಿ ಕೂತಿದ್ದ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅಕ್ಕ ಕಾಲ ಬಳಿ ಕೂತು ಅವನ ಪಾದ ತಿಕ್ಕುತ್ತಿದ್ದಳು. ಅವರಿಗೆ ಆಗಲೇ ಎಲ್ಲ ಗೊತ್ತಾಗಿದೆ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಟಿಕೆಟ್ಟಿನ ಮಾತು ಬರಲಿಲ್ಲ, ಸ್ಟಾಪಿನ ಮಾತು ಬರಲಿಲ್ಲ. ನಾನು ತಟ್ಟೆ ಇಟ್ಟು ಕೆಂಪು ಮುಚ್ಚಳ ತೆಗೆದೆ.

"ಹಿಂದೆ ಬರೆದಿತ್ತಂತಲ್ಲ" ಅಂದ. "ಓದಲಿಲ್ವಾ?"

"ಓದಲಿಲ್ಲ."

"ಆ ಚೀಟಿ ಹಾಕಿದ್ದು ನಾನು, ತಮಾಷೆಗೆ. ತಮಾಷೆಗೆ ಹಾಕಿದ್ದಕ್ಕೆ ಯಾರಾದ್ರೂ ವಿಷ ಹಾಕ್ತಾರಾ? ನೀವು ನನಗೋಸ್ಕರ ಅಂತ ಏನೋ ಮಾಡಿದೀರಿ ಅಂದ್ಕೊಂಡು ತಟ್ಟೆ ನೆಕ್ಕಿದೆ ನಾನು." ಅಕ್ಕನ ಕಡೆ ಕೈ ತೋರಿಸಿದ. "ನಾನ್ ಬಿದ್ದಿದ್ದು ಹೋಗ್ಲಿ. ಹಸಿದು ಒಂದು ಬಾಳೆಹಣ್ಣು ತಿಂದಿದ್ದಕ್ಕೆ ನಮ್ಮಕ್ಕನ್ನ ಕಳ್ಳಿ ಥರ ಹೊರಗೆ ಕೂರಿಸಿದ್ರು."

"ನಿಂದು ತಪ್ಪಿಲ್ಲಪ್ಪ. ಅಕ್ಕಂದೂ ಇಲ್ಲ. ಅದನ್ನ ಹೇಳೋಕೇ ಬಂದೆ."

"ಹೇಳಿ ಹೋಗ್ತೀರಾ?"

"ನಾಳೆಯಿಂದ ನಾನಿರಲ್ಲ."

ಅವನು ತಟ್ಟೆಯನ್ನು ನನ್ನ ಕಡೆ ತಳ್ಳಿದ.

"ಮೊದಲು ನೀವು ತಿನ್ನಿ."

ಅಕ್ಕ, "ಲೋ, ಬಿಡೋ" ಅಂದಳು. ಅವನು ಬಿಡಲಿಲ್ಲ. ನಾನು ಅನ್ನಕ್ಕೆ ಗ್ರೇವಿ ಕಲಸಿ ಒಂದು ತುತ್ತು ಬಾಯಿಗಿಟ್ಟುಕೊಂಡು ಅಗಿದೆ. ಇಬ್ಬರೂ ನನ್ನ ದವಡೆಯನ್ನೇ ನೋಡುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ನನ್ನ ಅಡುಗೆಯನ್ನು ನಾನು ಬೆರಳಿಗೆ ಹಚ್ಚಿ ನೆಕ್ಕಿದ್ದೇನೆ, ಕೂತು ಉಂಡದ್ದಿಲ್ಲ. ಆ ತುತ್ತನ್ನು ಪೂರ್ತಿ ಅಗಿದು ನುಂಗಿದೆ.

"ಹೇಗಿದೆ?" ಎಂದು ಕೇಳಿದ.

"ಸಪ್ಪೆ" ಅಂದೆ.

"ನಿಜವಾಗ್ಲೂ?"

"ನೊಣ ಕೂಡ ಮೂಸಲ್ಲ."

ಅವನು ನಗಲಿಲ್ಲ. ಕೈ ಚಾಚಿ ತಟ್ಟೆ ಹತ್ತಿರಕ್ಕೆ ಎಳೆದುಕೊಂಡು, "ಹಾಗಾದ್ರೆ ಕೊಡಿ" ಅಂದ.